ಗಸಗಸೆ ಡಬ್ಬ

ಅತ್ತೆಯ ಅಡುಗೆಮನೆಯಲ್ಲಿ ಉಪ್ಪಿಲ್ಲದಿದ್ದರೂ ನಡೆದೀತು, ಗಸಗಸೆ ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ಸಾರು ಗಟ್ಟಿಯಾಗಲು ಗಸಗಸೆ, ತಲೆ ಸಿಡಿದರೆ ಹಣೆಗೆ ಗಸಗಸೆ, ಹೊಟ್ಟೆ ಕೆಟ್ಟರೆ, ಕೆಮ್ಮು ಹತ್ತಿದರೆ, ನಿದ್ದೆ ಬಾರದಿದ್ದರೆ ಹಾಲಿಗೆ ಗಸಗಸೆ. ಬಿಸಿನೀರಿನಲ್ಲಿ ನೆನೆಸಿ, ಕಲ್ಲಿನ ಮೇಲೆ ಅರೆದು, ಎರಡು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದರು. ಒಂದೇ ಒಂದು ಕಾಳು ಬೆರಳಿಗೆ ತಾಕಿದರೂ ಮತ್ತೆ ಅರೆಯಲು ಕೂರುತ್ತಿದ್ದರು.

"ಬೀಜ ಊಟಕ್ಕಮ್ಮ, ಕಾಯಿ ಸಿಪ್ಪೆ ನೋವಿಗೆ," ಎಂದು ಸೊಸೆ ಬಂದ ಹೊಸದರಲ್ಲಿ ಹೇಳಿಕೊಟ್ಟಿದ್ದರು. "ಸಿಪ್ಪೆ ಕಷಾಯ ಕುಡಿದವರ ಕಿವೀಲಿ ಡೋಲು ಬಾರಿಸಿದ್ರೂ ಏಳಲ್ಲ. ಮಕ್ಕಳಿರೋ ಮನೇಲಿ ಅದನ್ನ ಇಡಬಾರದು."

ಸೊಸೆ ದೊಡ್ಡ ಲಾಂಡ್ರಿಯೊಂದರಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅಷ್ಟು ಹೊತ್ತೂ ಮಗು ಅತ್ತೆಯ ಬಳಿ. ದೂರದ ಬಂದರಿನಲ್ಲಿ ಕ್ರೇನ್ ಓಡಿಸುವ ಗಂಡನದು ಒಂದೇ ಮಾತು: "ಅಮ್ಮನ ಕೈಲಿ ಆಗೋವರೆಗೆ ಹೋಗು. ಆಗಲ್ಲ ಅಂದ ದಿನ ಬಿಟ್ಟುಬಿಡು." ಬಿಡುವ ಯೋಚನೆ ಬಂದರೇ ಅವಳ ಜೀವ ಹಿಂಡಿದಂತಾಗುತ್ತಿತ್ತು. ಹಬೆಯಲ್ಲಿ ಬೇಯುವ ಆ ಕೋಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿದ್ದರು. ಸದ್ಯದಲ್ಲೇ ಅವಳನ್ನು ಮೇಲ್ವಿಚಾರಕಿ ಮಾಡುವ ಮಾತೂ ಇತ್ತು.

ಈಚೆಗೆ ಸಂಜೆ ಬಂದರೆ ಮಗು ನಿದ್ದೆಯಲ್ಲಿರುತ್ತಿತ್ತು. ಎತ್ತಿಕೊಂಡರೂ ಕತ್ತು ವಾಲಿಸಿಕೊಂಡು ಅದೇ ನಿದ್ದೆ. ಬಟ್ಟೆ ಒದ್ದೆ, ಕೆನ್ನೆಯ ಮೇಲೆ ಒಣಗಿದ ಸಿಂಬಳ. ಎಚ್ಚರವಾದ ಮೇಲೆ ದನಿ ಗೊಗ್ಗರು. ಶೀತವೇನೋ ಅಂದುಕೊಂಡಳು. ಆದರೆ ಒಂದು ಸಂಜೆ ಅರೆಯುವ ಕಲ್ಲಿನ ಮೇಲೆ ಬಿಳಿ ಗಸಿ ಕಂಡಿತು. ಪಕ್ಕದಲ್ಲೇ ಮಗುವಿನ ಹಾಲಿನ ಬಟ್ಟಲು.

"ಅತ್ತೆ, ಮಗುಗೆ ಗಸಗಸೆ ಕೊಡ್ತಿದ್ದೀರಾ?"

ಅತ್ತೆ ಕಿಟಕಿಯ ಕಡೆಗಿದ್ದ ಮುಖ ತಿರುಗಿಸಲಿಲ್ಲ. "ಹೂಂ, ಕೊಟ್ಟೆ," ಎಂದರು.

"ನಿದ್ದೆ ಮಾಡ್ಲಿ ಅಂತಾನಾ?"

"ನಿನ್ನ ಗಂಡಂಗೂ ಕೊಟ್ಟಿದ್ದೆ. ಕ್ರೇನ್ ಓಡಿಸೋವಷ್ಟು ಬುದ್ಧಿ ಉಳಿದಿದೆಯಲ್ಲ."

ಬೇರೆ ದಿನವಾಗಿದ್ದರೆ ಸೊಸೆ ನಗುತ್ತಿದ್ದಳು. ಅಂದು ಬಾಯಿಗೆ ಬಂದಂತೆ ಆಡಿದಳು. ನಿಮ್ಮ ಹಳೇ ಕಾಲದ ಮದ್ದು ಎಳೆಕೂಸಿನ ಜೀವಕ್ಕೆ ಬರುತ್ತದೆ ಎಂದಳು. ಅವಳು ಗಸಗಸೆಯ ಡಬ್ಬವನ್ನೇ ಒಯ್ದು ಅಂಗಳದ ಕಸದ ತೊಟ್ಟಿಗೆ ಎಸೆದು ಬಂದಾಗ ಅತ್ತೆ ಮೆಲ್ಲಗೆ ಕೇಳಿದರು:

"ಡಬ್ಬಾನೂ ಹಾಕಿಬಿಟ್ಟೆಯಾ?"

ಮರುದಿನ ಸಂಜೆ ಕೆಳಮನೆಯ ದರ್ಜಿ ಮೆಟ್ಟಿಲ ಬುಡದಲ್ಲಿ ಅವಳನ್ನು ತಡೆದ.

"ಏನಮ್ಮ, ನಿಮ್ಮ ಮನೆ ಗಾಯಕರಿಗೆ ಇವತ್ತು ರಜಾನಾ?"

"ಯಾವ ಗಾಯಕರು ಅಣ್ಣ?"

"ಇನ್ಯಾರು, ನಿಮ್ಮ ಮಗು. ಮಧ್ಯಾಹ್ನ ಶುರು ಹಚ್ಕೊಂಡ್ರೆ ಗಂಟಲು ಹರಿಯೋವರೆಗೂ ಬಿಡಲ್ಲ. ನನ್ನ ಮಿಷನ್ನೇ ಸೋತು ಸುಮ್ಮನಾಗುತ್ತೆ. ಇವತ್ತೊಂದು ದಿನ ಸದ್ದಿಲ್ಲ." ಆಮೇಲೆ ಸಂಕೋಚದಿಂದ ಒಳಗಿನಿಂದ ಡಬ್ಬ ತಂದ. "ಇದು ತೊಟ್ಟೀಲಿತ್ತು. ಅಂಗಿ ಗುಂಡಿ ಹಾಕಿಡೋಣ ಅಂತ ಬೀಜ ಸುರಿದುಬಿಟ್ಟೆ. ತಳದಲ್ಲೊಂದು ಗಂಟಿದೆ, ಬೇಕಾದ್ದೋ ಏನೋ."

ಅವಳು ಗಂಟು ಬಿಚ್ಚಿದಳು. ಒಣಗಿದ ಗಸಗಸೆ ಕಾಯಿಗಳು. ಬೀಜವಿಲ್ಲದ ಬರೀ ಸಿಪ್ಪೆ, ಅರ್ಧಕ್ಕರ್ಧ ಮುರಿದು ಬಳಸಿದ್ದು.

ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಿದ್ದೆಯ ಮದ್ದು ಕುಡಿದ ಮಗು ಗಂಟಲು ಹರಿಯುವಂತೆ ಅಳುವುದುಂಟೇ? ಕಲ್ಲಿನ ಮೇಲಿದ್ದ ಗಸಿ ಮಧ್ಯಾಹ್ನದ ಅಡುಗೆಯದು. ಮಗು ಅತ್ತು ಅತ್ತು ಸೋತು ಮಲಗುತ್ತಿತ್ತು. ಕಷಾಯ ಕುಡಿದು, ಆ ಅಳು ಕಿವಿಗೆ ಬೀಳದಂತೆ ಮಲಗುತ್ತಿದ್ದವರು ಅತ್ತೆ. ಕೈಲಾಗದವಳು ಅನ್ನಿಸಿಕೊಳ್ಳುವುದಕ್ಕಿಂತ ಬುದ್ಧಿಯಿಲ್ಲದವಳು ಅನ್ನಿಸಿಕೊಳ್ಳುವುದೇ ವಾಸಿಯೆಂದು ಮಾಡದ ತಪ್ಪನ್ನು ಒಪ್ಪಿಕೊಂಡಿದ್ದರು.

ಮೇಲೆ ಅತ್ತೆ ಗೋಡೆಗೆ ಒರಗಿ, ಮಂಡಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಕುಳಿತಿದ್ದರು. ಕಚ್ಚಿ ಕಚ್ಚಿ ಕೆಳತುಟಿ ಒಡೆದಿತ್ತು. ಒಣಬಟ್ಟೆ ತೊಟ್ಟ ಮಗು ಪಕ್ಕದಲ್ಲಿ ಅವರ ಬೆರಳು ಚೀಪುತ್ತಿತ್ತು.

"ಇವತ್ತು ಒಂದು ಸಲಾನೂ ಅಳಿಸಿಲ್ಲ ನೋಡು," ಎಂದರು.

"ನೋವು ಯಾವಾಗಿಂದ ಅತ್ತೆ?"

ಅವಳ ಕೈಯಲ್ಲಿದ್ದ ಡಬ್ಬವನ್ನು ಅತ್ತೆ ನೋಡಿದರು. "ಇವನು ಅಂಬೆಗಾಲು ಇಡೋಕೆ ಮುಂಚಿಂದ."

"ಡಾಕ್ಟರಿಗೆ ತೋರಿಸಬಾರದಿತ್ತಾ?"

"ಇವನನ್ನ ಎತ್ಕೊಂಡೇ ಹೋಗಿದ್ದೆ. ಹೊಟ್ಟೇಲಿ ಗಡ್ಡೆ, ಕೊಯ್ಯೋ ಹಂತ ದಾಟಿದೆಯಂತೆ. ಮಾತ್ರೆ ಕೊಟ್ರು, ಅದಕ್ಕೆ ಬಗ್ಗಲಿಲ್ಲ." ಉಸಿರು ಹಿಡಿದು, ಬಿಟ್ಟರು. "ನಿನ್ನ ಗಂಡಂಗೆ ಹೇಳಬೇಡ. ನಿನ್ನ ಕೆಲಸ ಬಿಡಿಸ್ತಾನೆ."

ಸೊಸೆ ಒಲೆಯ ಮೇಲೆ ನೀರಿಟ್ಟಳು.

"ಬೇಡಮ್ಮ. ಕುಡಿದ್ರೆ ಮಗು ಅತ್ರೂ ಕೇಳಿಸಲ್ಲ."

"ನಾನಿದ್ದೀನಲ್ಲ."

"ಈಗ ಇದ್ದೀಯ. ನಾಳೆ?"

ಸೊಸೆ ಗಂಟಿನ ಸಿಪ್ಪೆಯನ್ನು ನೀರಿಗೆ ಹಾಕಿದಳು. ಕುದಿಯುವ ನೀರಿನ ಹಬೆ ಇಸ್ತ್ರಿಯ ಹಬೆಯಂತೆಯೇ ಮುಖಕ್ಕೆ ಬಡಿಯಿತು. ಕಷಾಯ ಸೋಸಿ, ಆರಿಸಿ, ಅತ್ತೆ ಮಾಡುತ್ತಿದ್ದ ಹಾಗೆ ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದಳು. ಚೂರು ತಾಕಿತು. ಮತ್ತೆ ಸೋಸಿದಳು. ಆಮೇಲೆ ಅತ್ತೆಯ ತಲೆ ಎತ್ತಿ ಹಿಡಿದು ಕುಡಿಸಿದಳು.

ಮಂಡಿಗಳು ನಿಧಾನವಾಗಿ ಸಡಿಲವಾದವು. ಮಗು ಹಸಿದು ರಾಗ ಎಳೆಯಲು ಶುರುಮಾಡಿತು. ಅದನ್ನು ಎತ್ತಿಕೊಂಡು ಅವಳು ಅತ್ತೆಯ ಕಿವಿಯ ಹತ್ತಿರ ಬಾಗಿದಳು.

"ನಾಳೇನೂ ಇರ್ತೀನಿ ಅತ್ತೆ."

ಅತ್ತೆಗೆ ಆಗಲೇ ಕೇಳಿಸುತ್ತಿರಲಿಲ್ಲ.