ರಸ್ತೆ ಮುಳುಗಿದೆ ಎಂದ ಬೆಳಿಗ್ಗೆ

ಏಪ್ರಿಲ್ ಬಂತೆಂದರೆ ಗ್ಲೂಶಿತ್ಸಿ ಹಳ್ಳಿಯಲ್ಲಿ ರೇಡಿಯೋ ಹೇಳುವ ನೀರಿನ ಸುದ್ದಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಯೆಫೀಮ್ ಏನಂದ? ಅಷ್ಟೇ ಪ್ರಶ್ನೆ. ಹಿಮ ಕರಗಿ ಓಕಾ ನದಿ ಉಬ್ಬಿತೆಂದರೆ ಆರು ಕಿಲೋಮೀಟರ್ ಹುಲ್ಲುಗಾವಲನ್ನು ನುಂಗಿ, ಪೇಟೆಗೆ ಹೋಗುವ ಒಂದೇ ಒಂದು ರಸ್ತೆಯನ್ನು ಮೂರು ವಾರ ಹೊಟ್ಟೆಗೆ ಹಾಕಿಕೊಂಡುಬಿಡುತ್ತದೆ. ಯಾವ ದಿನ, ಯಾವ ಹೊತ್ತಿಗೆ ಎಂದು ಸರಿಯಾಗಿ ಹೇಳುವವನು ಅವನೊಬ್ಬನೇ. ದಿನಾ ಬೆಳಗಾದರೆ ತನ್ನ ಹಸಿರು ಉರಾಲ್ ಬೈಕನ್ನು ಸೈಡ್‌ಕಾರ್ ಸಮೇತ ದಿಬ್ಬ ಇಳಿಸಿ, ಬರ್ಚ್ ಮರಗಳ ಪಕ್ಕದ ತಗ್ಗಿನಲ್ಲಿ ನೀರಿಗೆ ಬಿಡುತ್ತಿದ್ದ. ನೀರು ಬೈಕಿನ ಕಾಲಿಡುವ ಕಂಬಿಗಿಂತ ಕೆಳಗಿದ್ದರೆ ದಾರಿ ಉಂಟು. ಎಂಜಿನ್ನಿನ ಎರಡೂ ಪಕ್ಕಕ್ಕೆ ಚಾಚಿಕೊಂಡಿರುವ ಸಿಲಿಂಡರಿಗೆ ನೀರು ತಾಗಿ ಚೊಯ್ಯೆಂದು ಹಬೆ ಎದ್ದರೆ ಮೂರು ವಾರಕ್ಕೆ ದಾರಿ ಮುಗಿಯಿತು. ಇಪ್ಪತ್ತು ವರ್ಷದಲ್ಲಿ ಅವನ ಮಾತು ಒಂದು ಸಲವೂ ಸುಳ್ಳಾಗಿರಲಿಲ್ಲ. ಅದರ ಜಂಬ ಅವನಿಗೆ ಇತ್ತು, ಇಲ್ಲ ಎಂದರೆ ಯಾರು ನಂಬುತ್ತಾರೆ!

ಬಾಕಿ ವಿಷಯಗಳಲ್ಲಿ ಅವನು ಬಾಯಿಸತ್ತ ಮನುಷ್ಯ. ಶಾಲೆಯಲ್ಲಿ ಅಡುಗೆ ಮಾಡುವ ತೈಸಿಯಾ ಅವನ ಜೊತೆಗೇ ಓದಿದವಳು. ಇಪ್ಪತ್ತನೇ ವಯಸ್ಸಿನಲ್ಲೇ ಅವಳನ್ನು ಕೇಳಬೇಕೆಂದುಕೊಂಡಿದ್ದ. ಕೇಳದೆ ಸೈನ್ಯಕ್ಕೆ ಹೋದ, ಬರುವಷ್ಟರಲ್ಲಿ ಅವಳಿಗೆ ಮದುವೆಯಾಗಿತ್ತು. ಅವಳ ಗಂಡ ತೀರಿಕೊಂಡು ಈಗ ಎಂಟು ವರ್ಷ. ಈ ಎಂಟು ವರ್ಷವೂ ಯೆಫೀಮ್ ಅವಳ ಮನೆಗೆ ಸೌದೆ ಒಡೆದುಕೊಟ್ಟ, ಸೂರು ರಿಪೇರಿ ಮಾಡಿದ, ಚೆರ್ರಿ ಜಾಮ್ ಹಾಕಿದ ಚಹಾ ಕುಡಿದ, ಟೋಪಿ ಎತ್ತಿಕೊಂಡು ಮನೆಗೆ ಬಂದ. ಆಡಬೇಕಾದ ಮಾತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಡಿದ. ಇಂಥವನಿಗೆ ಏನೆನ್ನೋಣ!

ಆ ವರ್ಷ ಒಂದು ಭಾನುವಾರ ಅಂಚೆ ಕಚೇರಿಯ ಕ್ಲಾವ್ದಿಯಾ ಅವನನ್ನು ತಡೆದು ನಿಲ್ಲಿಸಿದಳು. ಆ ಹೆಂಗಸಿಗೆ ಊರಿನ ಕಾಗದಗಳೆಲ್ಲ ಬಾಯಿಪಾಠ.

"ನಿನ್ನ ತೈಸಿಯಾ ನಾಳೆ ರಿಯಾಜಾನ್ ಪಟ್ಟಣಕ್ಕೆ ಹೊರಟಿದಾಳೆ, ಗೊತ್ತಾ? ಅಕ್ಕ ಜೋಯಾ ಕಾಗದ ಹಾಕಿದಾಳೆ. ಹುಷಾರಿಲ್ವಂತೆ, ಬಾ ಅಂತ."

"ಜೋಯಾಗೆ ಯಾವಾಗ ಹುಷಾರಿತ್ತು? ಮೂವತ್ತು ವರ್ಷದಿಂದ ಸಾಯ್ತಾನೇ ಇದಾಳೆ."

"ಅದೇ ನಾನೂ ಅಂದಿದ್ದು. ಹುಷಾರಿಲ್ಲ ಅನ್ನೋದೆಲ್ಲ ನೆಪ. ಅಲ್ಲಿ ಎರಡು ರೂಮಿನ ಮನೆ, ನಲ್ಲಿ ತಿರುಗಿಸಿದ್ರೆ ಬಿಸಿನೀರು. ಹೋದೋಳು ವಾಪಸ್ ಬರ್ತಾಳೆ ಅಂತ ನಾನಂತೂ ನಂಬಲ್ಲಪ್ಪ."

ಅಕ್ಕತಂಗಿಯರಿಗೆ ತಾಯಿಯ ಮನೆಯ ವಿಷಯಕ್ಕೆ ಜಗಳವಾಗಿ ಆರು ವರ್ಷದಿಂದ ಮಾತಿರಲಿಲ್ಲ. ಅಂಥವಳೇ ಕರೆದಿದ್ದಾಳೆಂದರೆ ಸುಮ್ಮನೆ ಕರೆದಿರುವುದಿಲ್ಲ ಎಂದು ಯೆಫೀಮನಿಗೆ ಹೊಳೆಯಬೇಕಿತ್ತು. ಅವನ ತಲೆಯಲ್ಲಿ ಬಿಸಿನೀರಿನ ನಲ್ಲಿಯೊಂದೇ ಕೂತಿತ್ತು.

ಸೋಮವಾರ ಬೆಳಿಗ್ಗೆ ತಗ್ಗಿಗೆ ಹೋದ. ಹುಲ್ಲುಗಾವಲಿನ ಗುಳಿಗಳಲ್ಲೆಲ್ಲ ನೀರು ಮಿನುಗುತ್ತಿತ್ತು, ದೂರದಲ್ಲಿ ಮಂಜುಗಡ್ಡೆ ಒಡೆಯುವ ಸದ್ದು. ರಸ್ತೆಯ ಮೇಲೆ ನೀರು ಹತ್ತಿತ್ತು, ನಿಜ. ಆದರೆ ಕಂಬಿಗೆ ಇನ್ನೂ ಒಂದು ಗೇಣು ಕೆಳಗಿತ್ತು. ಇವತ್ತಿಡೀ ದಾರಿ ಇದೆ, ನಾಳೆ ಇಲ್ಲ. ಲೆಕ್ಕ ಹಾಕುವ ಅಗತ್ಯವೂ ಅವನಿಗಿರಲಿಲ್ಲ. ಹಿಂದಿರುಗಿ ದಿಬ್ಬ ಹತ್ತಿದಾಗ ತೈಸಿಯಾ ತನ್ನ ಮನೆಯ ಗೇಟಿನ ಹೊರಗೇ ನಿಂತಿದ್ದಳು. ಒಳ್ಳೆಯ ಶಾಲು ಹೊದ್ದಿದ್ದಳು, ಪಕ್ಕದಲ್ಲಿ ಚೀಲ.

"ಏನಂತೆ ನೀರು? ಪೇಟೆ ಬಸ್‌ಸ್ಟ್ಯಾಂಡ್ ತನಕ ಬಿಡ್ತೀಯಾ?"

ಬೈಕ್ ಆಫ್ ಮಾಡದೆಯೇ ಅವನು ಅವಳ ಕಡೆ ನೋಡಿದ. ಒಂದೇ ಚೀಲ, ಆದರೆ ದೊಡ್ಡದು. ಚಳಿಗಾಲದ ಬೂಟು ಕೂಡ ತುರುಕಿಕೊಂಡಿದ್ದಾಳೆ, ತುದಿ ಹೊರಗೆ ಇಣುಕುತ್ತಿದೆ.

"ಇಲ್ಲ. ಮುಳುಗಿದೆ," ಅಂದ.

"ಅಯ್ಯೋ! ಇಷ್ಟು ಬೇಗನಾ?"

"ಈ ವರ್ಷ ಬೇಗ. ಸಿಲಿಂಡರ್ ತನಕ ಬಂದಿದೆ. ನಿನ್ನ ಕೂರಿಸ್ಕೊಂಡು ಹೋದ್ರೆ ಇಬ್ರೂ ಓಕಾದ ಮೀನಿಗೆ ಊಟ ಆಗ್ತೀವಿ."

ಅವಳು ಒಂದು ಕ್ಷಣ ಅವನ ಚಕ್ರಗಳನ್ನೇ ನೋಡಿದಳು. ಆಮೇಲೆ, "ನೀನು ಇಲ್ಲ ಅಂದ್ಮೇಲೆ ಇಲ್ಲ," ಎಂದು ಚೀಲ ಎತ್ತಿಕೊಂಡು ಒಳಗೆ ಹೋದಳು. ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಊರಿಗೆಲ್ಲ ಹಂಚಬೇಕಲ್ಲ. ಅಂಗಡಿಯಲ್ಲೂ ಹೇಳಿದ, ಡೈರಿಯಲ್ಲೂ ಹೇಳಿದ. ಎಲ್ಲರೂ ತಲೆಯಾಡಿಸಿದರು. ಮೂರು ವಾರ, ಎಂದುಕೊಂಡ. ಮೂರು ವಾರದಲ್ಲಿ ಕಲ್ಲು ಕೂಡ ಬಾಯಿಬಿಡುತ್ತದೆ, ನಾನು ಬಿಡಲಾರೆನೇ?

ಮಧ್ಯಾಹ್ನ ಎರಡು ಗಂಟೆಗೆ ಡೈರಿಯ ಮುಂದೆ ಹಾಲಿನ ಲಾರಿ ನಿಂತಿದ್ದು ಕಂಡು ಅವನು ಬೈಕ್ ನಿಲ್ಲಿಸಿದ. ಡ್ರೈವರ್ ರೋಡಿಯೋನ್ ಪೇಟೆಯ ಕಡೆಯವನು, ಹೊರಡುವಾಗ ಇಲ್ಲಿ ಯಾರು ಏನು ಹೇಳಿದ್ದಾರೆಂದು ಅವನಿಗೇನು ಗೊತ್ತಿತ್ತು? ಸೂರ್ಯಕಾಂತಿ ಬೀಜ ಜಗಿಯುತ್ತ ಕ್ಯಾನುಗಳನ್ನು ಏರಿಸುತ್ತಿದ್ದ.

"ಏನಯ್ಯಾ ಯೆಫೀಮ್, ರಸ್ತೆ ಮುಳುಗಿಸಿಬಿಟ್ಟೆಯಂತೆ? ನನ್ನ ಚಕ್ರದ ಅರ್ಧಕ್ಕೂ ಬರ್ಲಿಲ್ಲ ನಿನ್ನ ನೀರು!"

"ನಿನ್ನದು ಲಾರಿ. ನನ್ನದು ಬೈಕು."

"ವಯಸ್ಸಾಯ್ತು ಕಣಯ್ಯ ನಿಂಗೆ. ಹೆದರೋಕೆ ಶುರು ಮಾಡಿದೀಯ." ರೋಡಿಯೋನ್ ನಕ್ಕ. "ಐದು ಗಂಟೆಗೆ ಹೊರಡ್ತೀನಿ, ಪೇಟೆಯಿಂದ ಏನಾದ್ರೂ ಬೇಕಿದ್ರೆ ಹೇಳು. ಇನ್ನು ಬರೋದು ಮೇ ತಿಂಗಳಿಗೇ."

ಐದು ಗಂಟೆಗೆ. ಇನ್ನೂ ಮೂರು ಗಂಟೆ ಇತ್ತು. ಯೆಫೀಮ್ ಬೈಕ್ ಹತ್ತಿ ನೇರ ತೈಸಿಯಾಳ ಬೀದಿಗೆ ತಿರುಗಿಸಿದ. ಹೇಳಬೇಕಾದದ್ದು ಮೂರೇ ಮಾತು: ಲಾರಿ ಇದೆ, ಹೋಗು. ಗೇಟಿನ ಹತ್ತಿರ ಬಂದ. ಕಿಟಕಿಯಲ್ಲಿ ಅವಳು ಆಲೂಗಡ್ಡೆ ಸುಲಿಯುತ್ತಿದ್ದುದು ಕಂಡಿತು. ಅವನ ಕೈ ಬ್ರೇಕಿನ ಮೇಲೆಯೇ ಇತ್ತು, ಹಿಡಿಯಲಿಲ್ಲ. ಬೀದಿಯ ಕೊನೆಯವರೆಗೂ ಹೋಗಿ, ಸುತ್ತು ಹಾಕಿ, ಬೇರೆ ದಾರಿಯಲ್ಲಿ ಮನೆಗೆ ಬಂದ. ಐದು ಗಂಟೆ ಕಳೆಯುವವರೆಗೂ ಹೊರಗೆ ತಲೆ ಹಾಕಲಿಲ್ಲ.

ಮಂಗಳವಾರ ನೀರು ನಿಜವಾಗಿಯೂ ಸಿಲಿಂಡರ್ ಮುಟ್ಟಿತು. ಬುಧವಾರದ ಹೊತ್ತಿಗೆ ಬರ್ಚ್ ಮರಗಳು ಸೊಂಟದ ತನಕ ನೀರಲ್ಲಿ ನಿಂತಿದ್ದವು, ಮಂಜುಗಡ್ಡೆಗಳು ಒಂದನ್ನೊಂದು ತಳ್ಳಿಕೊಂಡು ಹುಲ್ಲುಗಾವಲಿನ ಮೇಲೆಯೇ ತೇಲುತ್ತಿದ್ದವು. ದೋಣಿ ಇಳಿಸಲೂ ಆಗುವಂತಿರಲಿಲ್ಲ. ಹಳ್ಳಿ ನಡುಗಡ್ಡೆಯಾಯಿತು. ಯೆಫೀಮನ ಪಾಲಿಗೆ ಅದು ಹಬ್ಬ. ದಿನಾ ಸಂಜೆ ತೈಸಿಯಾಳ ಮನೆ. ಒಲೆಯ ಬಾಗಿಲು ಸರಿಮಾಡಿದ, ಕೋಳಿಗೂಡಿಗೆ ಹೊಸ ಅಗಳಿ ಹಾಕಿದ. ಅವಳು ಎಲೆಕೋಸಿನ ಉಪ್ಪಿನಕಾಯಿ, ಬಿಸಿ ಆಲೂಗಡ್ಡೆ ಇಡುತ್ತಿದ್ದಳು. ಎಂದಿಗಿಂತ ಹೆಚ್ಚು ಮಾತಾಡುತ್ತಿದ್ದಳು, ಎಂದಿಗಿಂತ ಹೆಚ್ಚು ನಗುತ್ತಿದ್ದಳು. ಒಂದೆರಡು ಸಲ ನಗುತ್ತಾ ನಗುತ್ತಾ ಸುಮ್ಮನಾಗಿಬಿಟ್ಟಳು. ಅದನ್ನು ಅವನು ಗಮನಿಸಿದ, ಕಾರಣ ಕೇಳಲಿಲ್ಲ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ವಾರ ಕಳೆಯಿತು.

ಮತ್ತೆ ಮಂಗಳವಾರ ಬೆಳಿಗ್ಗೆ ಕ್ಲಾವ್ದಿಯಾ ಅಂಚೆ ಕಚೇರಿಯ ಮೆಟ್ಟಿಲಲ್ಲಿ ನಿಂತು ಕೈ ಮಾಡಿದಳು. ಎಂದಿನ ಹರಟೆ ಇರಲಿಲ್ಲ.

"ಟೆಲಿಗ್ರಾಮ್. ಫೋನಲ್ಲಿ ಓದಿ ಬರೆಸಿದ್ರು. ನನ್ನ ಕೈಲಾಗಲ್ಲ ಯೆಫೀಮ್, ನೀನೇ ಕೊಟ್ಟುಬಿಡು. ನಿನ್ನ ಮಾತು ಕೇಳ್ತಾಳೆ."

ಕಾಗದದಲ್ಲಿ ಎರಡೇ ಸಾಲು. ಜೋಯಾ ನಿನ್ನೆ ಸಂಜೆ ತೀರಿಕೊಂಡಳು. ಬುಧವಾರ ಮಣ್ಣು. ಕಳಿಸಿದವರು ನೆರೆಮನೆಯವರು.

ದಿಬ್ಬದ ಅಂಚಿನಲ್ಲಿ ಬೈಕ್ ನಿಲ್ಲಿಸಿ ಅವನು ನೀರನ್ನು ನೋಡಿದ. ಕಣ್ಣು ಹಾಯುವಷ್ಟು ದೂರ ಬೆಳ್ಳನೆ ನೀರು, ರಸ್ತೆಯ ಗುರುತೇ ಇರಲಿಲ್ಲ. ಇಡೀ ಒಂದು ವಾರ. ಸೋಮವಾರ ಹೋಗಿದ್ದರೆ ಅಕ್ಕನ ಪಕ್ಕದಲ್ಲಿ ಇಡೀ ಒಂದು ವಾರ ಕೂತಿರುತ್ತಿದ್ದಳು. ತನ್ನ ನಾಲಿಗೆಯನ್ನು ಕಿತ್ತು ಆ ನೀರಿಗೇ ಎಸೆಯಬೇಕು ಎನಿಸಿತು ಅವನಿಗೆ. ಎನಿಸಿ ಏನು ಬಂತು!

ತೈಸಿಯಾ ಬಾಗಿಲಲ್ಲೇ ನಿಂತು ಓದಿದಳು, ಎರಡು ಸಲ. ಅಳಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಬಿಳಿ ಬಟ್ಟೆ ತೆಗೆದು ಗೋಡೆಯ ಕನ್ನಡಿಗೆ ಮುಚ್ಚಿದಳು. ಸಾವಾದ ಮನೆಯಲ್ಲಿ ಕನ್ನಡಿ ಮುಚ್ಚುವುದು ಆ ಕಡೆಯ ರೂಢಿ; ಇಲ್ಲಿ ಹೆಣ ಎಲ್ಲೋ, ಕನ್ನಡಿ ಎಲ್ಲೋ. ಆಮೇಲೆ ಬೆಂಚಿನ ಮೇಲೆ ಕುಳಿತು ಕಾಗದವನ್ನು ಮೇಜಿನ ಮೇಲಿಟ್ಟಳು.

ಟೋಪಿ ಕೈಯಲ್ಲಿ ಹಿಡಿದು ಯೆಫೀಮ್ ಅಂದ, "ತೈಸಿಯಾ, ಆವತ್ತು ದಾರಿ ಇತ್ತು. ನಾನು ಸುಳ್ಳು ಹೇಳ್ದೆ."

"ಗೊತ್ತು."

"ಗೊತ್ತಾ?"

"ಆವತ್ತೇ ಗೊತ್ತಾಯ್ತು. ಐದು ಗಂಟೆಗೆ ರೋಡಿಯೋನ್ ಇಲ್ಲೇ ಗೇಟ್ ಹತ್ರ ಲಾರಿ ನಿಲ್ಲಿಸ್ದ. ಬಾರಕ್ಕ, ಪಕ್ಕದಲ್ಲಿ ಜಾಗ ಇದೆ, ಬಸ್ಸಿಗೆ ಬಿಡ್ತೀನಿ ಅಂದ. ಚೀಲ ಇನ್ನೂ ಬಿಚ್ಚಿರಲಿಲ್ಲ ನಾನು."

"ಮತ್ತೆ ಯಾಕೆ ಹೋಗ್ಲಿಲ್ಲ?"

"ದಾರಿ ಇಲ್ಲ, ಯೆಫೀಮ್ ಹೇಳಿದಾನೆ ಅಂದೆ. ಆ ದಾರೀಲೇ ಬಂದೋನ ಹತ್ರ ಹಾಗಂದೆ." ಅವಳು ಮುಖವನ್ನು ಅಂಗೈಯಿಂದ ಒಂದು ಸಲ ಉಜ್ಜಿಕೊಂಡಳು. "ಆರು ವರ್ಷ ಅವಳಿಗೆ ಒಂದು ಸಾಲು ಬರೀಲಿಲ್ಲ ನಾನು. ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತ ಹೆದರಿ ಸಾಯ್ತಿದ್ದೆ. ಆವತ್ತು ನೀನು ಮುಳುಗಿದೆ ಅಂದ್ಯಲ್ಲ, ಮೈ ಹಗುರ ಆಗ್ಹೋಯ್ತು. ಖುಷಿ ಆಯ್ತು ಕಣೋ ನಂಗೆ. ಅಕ್ಕ ಅಲ್ಲಿ ಕಾಯ್ತಿದ್ಲು, ನಾನಿಲ್ಲಿ ನಿನಗೆ ಆಲೂಗಡ್ಡೆ ಬೇಯಿಸ್ಕೊಂಡು ನಗ್ತಿದ್ದೆ."

ಎಂಟು ವರ್ಷ ಯೆಫೀಮನ ಬಾಯಿಗೆ ಬಾರದಿದ್ದ ಮಾತು ಆಗ ಬಂತು, ಬರಬಾರದ ಹೊತ್ತಿನಲ್ಲಿ.

"ನೀನು ಹೋದ್ರೆ ಅಲ್ಲೇ ಉಳ್ಕೋತೀಯ ಅಂದ್ರು. ನಂಗೆ ನೀನು ಬೇಕಾಗಿತ್ತು ತೈಸಿಯಾ. ಮದುವೆ ಆಗು ಅಂತ ಕೇಳ್ಬೇಕು ಅಂತಿದ್ದೆ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಆ ಸೋಮವಾರ ಗೇಟ್ ಹತ್ರ ಇದನ್ನೇ ಅಂದಿದ್ರೆ ಸಾಕಿತ್ತಲ್ಲೋ," ಅಂದಳು. "ಧೈರ್ಯವಾಗಿ ಹೋಗಿ ಅಕ್ಕನ್ನ ನೋಡ್ಕೊಂಡು ವಾಪಸ್ ಬರ್ತಿದ್ದೆ."

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈ ಅಡ್ಡ ಮಾಡಿದಳು.

"ಬೇಡ. ಇನ್ಮೇಲೆ ನಿನ್ನ ನೋಡಿದಾಗೆಲ್ಲ ನಂಗೆ ಅವಳೇ ಕಾಣ್ತಾಳೆ, ನಿಂಗೂ ಅಷ್ಟೆ. ಇಬ್ರೂ ಸೇರಿ ಮಾಡಿದ್ದು ಇದು. ಮನೆಗೆ ಹೋಗು ಯೆಫೀಮ್. ಸೌದೆಗೂ ಬರಬೇಡ."

ಅವನು ಹೊರಗೆ ಬಂದು ಗೇಟನ್ನು ಸದ್ದಾಗದಂತೆ ಎಳೆದುಕೊಂಡ.