ಮಿಸ್ ಹೋದ ಮೇಲಿನ ಪರೀಕ್ಷೆ

ಆ ಮನೆಯಲ್ಲಿ ಸಂಜೆಯಾಯಿತೆಂದರೆ ಗಡಿಬಿಡಿಯೋ ಗಡಿಬಿಡಿ. ನಡುಮನೆಯ ಮೂಲೆಯಲ್ಲಿ ಟ್ಯೂಷನ್ ಮಿಸ್ ಐದನೇ ಕ್ಲಾಸಿನ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದರೆ, ಅಮ್ಮ ಹೊಲಿಗೆ ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಅಪ್ಪ ಬೇಕರಿಯಿಂದ ಓಡೋಡಿ ಬಂದು, ತೋಳಿನ ಹಿಟ್ಟು ಕೂಡ ಕೊಡವದೆ ಕೂತುಬಿಡುತ್ತಿದ್ದ. ತಾತ ಕುರ್ಚಿ ಎಳೆದುಕೊಂಡು ಕನ್ನಡಕ ಒರೆಸುತ್ತಿದ್ದರು. ಯಾಕೆ ಅಂತೀರಾ? ಮಿಸ್ ಅತ್ತ ಹೊಸಿಲು ದಾಟಿದರೋ ಇಲ್ಲವೋ, ಇತ್ತ ಪರೀಕ್ಷೆ ಶುರು!

ಟ್ಯೂಷನ್ ಇಟ್ಟ ಆ ಬೀದಿಯ ಮನೆಗಳಲ್ಲೆಲ್ಲ ಇದೇ ಪದ್ಧತಿ. ಮಗುವನ್ನು ನಡುವೆ ನಿಲ್ಲಿಸಿ, ಅವತ್ತಿನ ಪಾಠ ಅವತ್ತೇ ಒಪ್ಪಿಸಿಕೊಳ್ಳಬೇಕು. ತಪ್ಪಿದರೆ ಪಕ್ಕದ ಮನೆಗೂ ಕೇಳುವ ಹಾಗೆ ಬೈಗುಳ. ದೊಡ್ಡವರು ಇದಕ್ಕೆ ಕಾಳಜಿ ಎಂದು ಹೆಸರಿಟ್ಟಿದ್ದರು. ಕಾಳಜಿಯಂತೆ, ಕಾಳಜಿ!

ಯಾಕೆ, ಏನು, ಹೇಗೆ ಎಂದು ಎಲ್ಲರ ತಲೆ ತಿನ್ನುತ್ತಿದ್ದ ಈ ಹುಡುಗಿಗೆ ಚಿನಕುರುಳಿ ಎಂದೇ ಅಡ್ಡಹೆಸರು. ಈಗ ಬಾಯಿಗೆ ಬೀಗ ಬಿದ್ದಿತ್ತು. ಟ್ಯೂಷನ್ ಹೊತ್ತಾದರೆ ಹೊಟ್ಟೆನೋವು ಬರುತ್ತಿತ್ತು. ಒಂದು ಸಂಜೆ ಮಿಸ್ ಅಮ್ಮನನ್ನು ಬಾಗಿಲ ಹೊರಗೆ ಕರೆದರು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇವಳಿಗೆ ಭಿನ್ನರಾಶಿ ಒಂಚೂರೂ ತಲೆಗೆ ಹೋಗಿಲ್ಲ. ಅರ್ಥ ಆಯ್ತಾ ಅಂದ್ರೆ ಹೂಂ ಅಂತಾಳೆ, ನಾನು ಹೇಳಿದ್ದನ್ನ ಹಾಗೇ ಬಾಯಿಪಾಠ ಮಾಡ್ತಾಳೆ. ನಾನು ಹೋದ್ಮೇಲೆ ನಿಮಗೆ ಒಪ್ಪಿಸಬೇಕಲ್ಲ!"

"ನಾವು ಕೇಳದೇ ಇದ್ರೆ ಕಲೀತಾಳಾ ಮಿಸ್?"

"ತಪ್ಪು ಮಾಡೋಕೇ ಬಿಡದೇ ಇದ್ರೆ ಕಲಿಯೋದಾದ್ರೂ ಹೇಗೆ? ಇವತ್ತು ಯಾವುದು ಕಷ್ಟ ಆಯ್ತು ಅಂತ ಪ್ರೀತಿಯಿಂದ ಕೇಳಿ. ಗೊತ್ತಾಗ್ಲಿಲ್ಲ ಅಂದ್ರೆ, ನಾಳೆ ಮಿಸ್‌ನ ಕೇಳು ಅನ್ನಿ, ಸಾಕು. ಹೀಗೇ ಆದ್ರೆ ಜೀವಮಾನವಿಡೀ ಲೆಕ್ಕ ಅಂದ್ರೆ ಹೆದರ್ತಾಳೆ."

ಅಮ್ಮ ಒಳಗೆ ಬರುವಷ್ಟರಲ್ಲಿ ತಾತ ಶುರು ಮಾಡಿಬಿಟ್ಟಿದ್ದರು.

"ಬಾರಮ್ಮ. ಅರ್ಧಕ್ಕೆ ಕಾಲು ಕೂಡಿಸಿದ್ರೆ ಎಷ್ಟು?"

"ಛೇದ... ಛೇದ ಸಮ..."

"ಹೇಳೇ!" ಅಪ್ಪ ಗುಡುಗಿದ. "ಇಷ್ಟು ಹೊತ್ತು ಏನು ಮಣ್ಣು ತಿಂತಾ ಕೂತಿದ್ದೆ?"

ಹುಡುಗಿಯ ಕಾಲ ಬಳಿ ನೆಲ ಒದ್ದೆಯಾಯಿತು.

"ಸಾಕು!" ಅಮ್ಮ ಓಡಿ ಬಂದು ಮಗಳನ್ನು ಅಪ್ಪಿಕೊಂಡಳು. ಮಾವನೆದುರು ಅವಳು ದನಿಯೆತ್ತಿದ್ದು ಅದೇ ಮೊದಲು. "ಇನ್ಮೇಲೆ ಈ ಮನೇಲಿ ಯಾರೂ ಇವಳಿಂದ ಪಾಠ ಒಪ್ಪಿಸ್ಕೊಳ್ಳೋ ಹಾಗಿಲ್ಲ!"

"ಏನಮ್ಮಾ ಇದು? ನಿನ್ನ ಗಂಡನ್ನೂ ನಾನು ಹೀಗೇ ನಿಲ್ಸಿ ಕೇಳ್ತಿದ್ದೆ. ಏನಾಯ್ತು ಅವನಿಗೆ?"

"ಅವರನ್ನೇ ಕೇಳಿ ಮಾವ."

ಅಪ್ಪ ಒದ್ದೆ ನೆಲವನ್ನೇ ನೋಡುತ್ತ ನಿಂತಿದ್ದ. "ಏನಾಯ್ತಾ?" ಎಂದ. "ಇವತ್ತಿಗೂ ನೀವು ಒಂದ್ಸಲ ಕೆಮ್ಮಿದ್ರೆ ಸಾಕು, ನನ್ನೆದೆ ಹೊಡ್ಕೊಳ್ಳುತ್ತೆ ಅಪ್ಪ." ಬಟ್ಟೆ ತಂದು ತಾನೇ ನೆಲ ಒರೆಸಿದ. ತಾತ ತಮ್ಮ ಕುರ್ಚಿಯನ್ನು ಗೋಡೆಗೆ ಸರಿಸಿದರು.

ಮರುದಿನದಿಂದ ಟ್ಯೂಷನ್ ಹೊತ್ತಿಗೆ ನಡುಮನೆ ಖಾಲಿ. ತಾತ ಗೊಣಗುತ್ತಲೇ ವಾಕಿಂಗ್ ಹೊರಡುತ್ತಿದ್ದರು. ಅಪ್ಪ, ಅಮ್ಮ ಅಡುಗೆಮನೆ ಸೇರುತ್ತಿದ್ದರು. ಆದರೂ ಮೂಲೆಯಿಂದ ಕೇಳುತ್ತಿದ್ದದ್ದು ಅದೇ ಸಣ್ಣ ಹೂಂ. ಅಮ್ಮನಿಗೆ ಒಳಗೊಳಗೇ ಪುಕಪುಕ. ಹೆದರಿಕೆ ಆಗಲೇ ಬೇರು ಬಿಟ್ಟಿದ್ದರೆ?

ಆಮೇಲೊಂದು ಸಂಜೆ, ಅಬ್ಬಬ್ಬಾ, ಮನೆಯೇ ಬೆಚ್ಚಿಬೀಳುವಂಥ ಕೂಗು!

"ನಿಲ್ಸಿ ಮಿಸ್! ನಂಗೆ ಒಂಚೂರೂ ಅರ್ಥ ಆಗ್ಲಿಲ್ಲ! ಛೇದ ಅಂದ್ರೇನು? ಅದನ್ನ ಯಾಕೆ ಕೆಳಗೇ ಬರೀಬೇಕು?"

ಅಪ್ಪ ಹೊರಗೆ ಓಡಲು ಹೊರಟ. ಅಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು. ಅವಳ ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಅಲ್ಲೇ ಇರಿ," ಎಂದು ಪಿಸುಗುಟ್ಟಿದಳು. "ಅವಳು ಕೇಳ್ತಿದಾಳೆ ರೀ, ಕೇಳ್ತಿದಾಳೆ!"