ಮಗ್ಗದ ಮುಂದೆ ಆಡಬಾರದ ಮಾತು

ಶಾಲೆಯ ಪ್ರವಾಸ ಮುಗಿಸಿ ಮನಮಾಡ ಸ್ಟೇಷನ್ನಿನಲ್ಲಿ ಇಳಿದ ಮಗಳನ್ನು ಕರೆತರುವುದನ್ನೇ ಪದ್ಮಾಕರ ಮರೆತಿದ್ದ. ಅಲ್ಲಾ, ಹೆತ್ತ ಮಗಳನ್ನು ಮರೆಯುವುದೆಂದರೇನು! ಸೆರಗಿನ ನವಿಲಿನ ಕೊರಳೊಂದು ಮುಗಿಯಲಿ ಎಂದು ಪೈಠಣಿ ಸೀರೆಯ ಮಗ್ಗಕ್ಕೆ ಕೂತವನು ಏಳುವ ಹೊತ್ತಿಗೆ ಅವರೂರು ಯೇವಲಾದ ಬೀದಿದೀಪಗಳು ಹತ್ತಿದ್ದವು. ಹತ್ತು ವರ್ಷದ ತೇಜೂಳನ್ನು ಕೊನೆಗೆ ಟೀಚರೇ ಮನೆಗೆ ತಂದು ಬಿಟ್ಟರು. ಅವರು ಒಂದು ಮಾತೂ ಬೈಯಲಿಲ್ಲ. ಹೆಂಡತಿ ನಳಿನಿಗೆ ಅದೇ ಹೆಚ್ಚು ಚುಚ್ಚಿತು.

ಇದು ಎಡಿಎಚ್‌ಡಿ, ಗಮನ ಪದ್ಮಾಕರನ ಹಿಡಿತದಲ್ಲಿರುವುದಿಲ್ಲ ಎಂದು ನಾಸಿಕದ ಡಾಕ್ಟರು ಹೋದ ತಿಂಗಳೇ ಹೇಳಿದ್ದರು. ಕೇಳಿ ಅತ್ತೆ ನಕ್ಕಿದ್ದರು. "ಅದು ಸಣ್ಣ ಹುಡುಗರ ಬ್ಯಾನಿ. ಮೀಸಿ ನೆರತಾಂವಗ ಎಲ್ಲಿಂದ ಬರ್ತದ? ಎರಡು ಕೊಟ್ರ ನೆಟ್ಟಗಾಗ್ತಾನ."

ಮೈದುನ ವಸಂತ ಇನ್ನೂ ಒಂದು ಕೈ ಮೇಲೆ. "ವಹಿನಿ, ಮುಂಜಾನಿಂದ ಸಂಜೀತನಕ ಕುಂಡಿ ಎತ್ತದಂಗ ನವಿಲು ನೇಯಾಂವಗ ಗಮನ ಇಲ್ಲಂದ್ರ, ನಮಗೆಲ್ಲಾ ತಲಿನೇ ಇಲ್ಲ ಬಿಡ್ರಿ!"

ನಳಿನಿ ನಗಲಿಲ್ಲ. ಗಮನವೇನೋ ಇದೆ, ನವಿಲಿಗಿದೆ. ಹೆಂಡತಿ ಮಗಳಿಗಿಲ್ಲ ಎಂದೇ ಅವಳ ನಂಬಿಕೆ. ಮನಸ್ಸೇ ಇಲ್ಲದವನ ಜೊತೆ ಇನ್ನೆಷ್ಟು ದಿನ ಬಾಳುವುದು? ಮರುದಿನ ಬೆಳಿಗ್ಗೆ ಚೀಲಕ್ಕೆ ಬಟ್ಟೆ ತುಂಬಿಕೊಂಡು, ತೇಜೂಳನ್ನು ಅಂಗಳದಲ್ಲಿ ನಿಲ್ಲಿಸಿ, ಮಗ್ಗದ ಕೋಣೆಗೆ ಬಂದಳು.

"ರೀ, ನಾನು ತೌರಿಗೆ ಹೊಂಟೀನಿ."

"ಹ್ಞೂಂ."

"ವಾಪಸ್ ಬರಂಗಿಲ್ಲ."

"ಹ್ಞೂಂ, ಹ್ಞೂಂ."

ಅವಳ ಮೈಯೆಲ್ಲ ಉರಿದುಹೋಯಿತು. ನೇಕಾರರ ಮನೆಯಲ್ಲಿ ತಮಾಷೆಗೂ ಆಡಬಾರದ ಮಾತೊಂದಿದೆ: ಮಗ್ಗದ ಮುಂದೆ ನಿಂತು ಬಣ್ಣ ತಪ್ಪಿದೆ ಎನ್ನಬಾರದು. ತಪ್ಪಿದ್ದರೆ ನೇಯ್ದದ್ದನ್ನೆಲ್ಲ ಅಲ್ಲಿಯವರೆಗೂ ಬಿಚ್ಚಬೇಕು. ಆ ಮಾತು ಕಿವಿಗೆ ಬಿದ್ದರೆ ಎಂಥ ನೇಕಾರನೂ ಚೇಳು ಕುಟುಕಿದಂತೆ ಎದ್ದು ನಿಲ್ಲುತ್ತಾನೆ. ನಳಿನಿ ಬೇಕೆಂದೇ ಆ ಮಾತನ್ನು ಸುಳ್ಳಾಗಿ ಆಡಿದಳು. ಅವನು ಎದ್ದರೆ, ನವಿಲಿನ ಮಾತಾದರೆ ನಿಮಗೆ ಕೇಳುತ್ತದೆ ನೋಡಿ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಹೊರಡುವವಳಿದ್ದಳು.

"ಕೊರಳಿಗೆ ಹಸಿರು ಬಿದ್ದದ. ನೀಲಿ ಹಾಕಬೇಕಿತ್ತು."

"ಹ್ಞೂಂ."

"ಪೂರಾ ಸೆರಗು ಕೆಟ್ಟದ ರೀ!" ಎಂದು ಕಿರುಚಿದಳು.

"ಹ್ಞೂಂ." ನೂಲು ಸುತ್ತಿದ ಕಂಡಿಕೆ ಹಿಡಿದ ಕೈ ತನ್ನ ಪಾಡಿಗೆ ಎಳೆಗಳ ನಡುವೆ ಓಡಾಡುತ್ತಿತ್ತು.

ಅವನಿಗೆ ನವಿಲಿನ ಮಾತೂ ಕೇಳಿಸಿರಲಿಲ್ಲ. ತನ್ನ ಮಾತನ್ನಷ್ಟೇ ಅವನು ಕಡೆಗಣಿಸುತ್ತಾನೆಂದು ಇಷ್ಟು ವರ್ಷ ನಳಿನಿ ಒಳಗೊಳಗೇ ಬೆಂದಿದ್ದಳು.

ಭುಜ ಹಿಡಿದು ಅಲುಗಿಸಿದಳು. ಪದ್ಮಾಕರ ಬೆಚ್ಚಿ ತಿರುಗಿದ. ಚೀಲ ಕಂಡಿತು.

"ಯಾವಾಗ ಬಂದಿ? ಎಲ್ಲಿಗೆ ಹೊಂಟಿ?"

"ತೌರಿಗೆ. ಆಗಲೇ ಹೇಳಿದೆ, ನಿಮಗ ಕೇಳಲಿಲ್ಲ."

ಅವನು ತಡೆಯಲಿಲ್ಲ. ಕಣ್ಣು ತುಂಬಿ ಬಂದವು. "ಹೋಗು ನಳೂ. ನಿಮ್ಮ ಮ್ಯಾಲ ನನಗ ಪ್ರೀತಿ ಇಲ್ಲಂತ ಎಲ್ಲಾರೂ ಹೇಳ್ತೀರಲ್ಲ. ಕೂಸು ಸ್ಟೇಷನ್ನಿನಾಗ ನನ್ನ ದಾರಿ ಕಾಯ್ಕೋತ ಕೂತಿತ್ತು. ಪ್ರೀತಿ ಇದ್ದಾಂವ ಮರೀತಿದ್ನೇನು? ಈಗ ನಾನೂ ಅದನ್ನ ನಂಬೀನಿ."

ಆ ಮಾತನ್ನು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಆಡಿದವಳು ನಳಿನಿಯೇ. ಚೀಲ ಕೆಳಗಿಟ್ಟು ಮಗ್ಗದ ಪಕ್ಕದಲ್ಲಿ ಕೂತಳು.

"ಆಯೀ, ಬಸ್ಸು ಹೋತು!" ಅಂಗಳದಿಂದ ತೇಜೂ ಕೂಗಿದಳು.

"ಹೋಗಲಿ ಬಿಡವಾ," ಎಂದಳು ನಳಿನಿ.